ಕುಲಗೋಡ ಸೀಮೆಯ ವಿದ್ಯಾರ್ಥಿಯೂ ವಿಜ್ಞಾನ ಸಂಶೋಧನೆಯ ಹಾದಿಯೂ

ಗೋಕಾವಿ ನಾಡಿನ ಕುಲಗೋಡವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ತಮ್ಮಣ್ಣನ ಹೆಸರು. ಶ್ರೀಕೃಷ್ಣ ಪಾರಿಜಾತದ ಆಟವನ್ನು ಊರೂರ ಬಯಲಿನಲ್ಲಿ ನಿಲ್ಲಿಸಿದ ಆ ಕವಿಯು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಆದರೆ ಕಾವ್ಯದ ಮಾತು ಒಂದು, ವಿಜ್ಞಾನದ ಮಾತು ಮತ್ತೊಂದು. ಪದ ಕಟ್ಟುವವನಿಗೆ ಕಿವಿಯೂ ನಾಲಗೆಯೂ ಇದ್ದರೆ ಸಾಗುವುದು. ರಸಾಯನಶಾಸ್ತ್ರವನ್ನು ಕಲಿಯುವವನಿಗೆ ಸೂಕ್ಷ್ಮವಾದ ತಕ್ಕಡಿ ಬೇಕು, ಗಾಜಿನ ಪಾತ್ರೆಗಳು ಬೇಕು, ಉರಿ ಬೇಕು, ಅವುಗಳನ್ನು ಹಿಡಿಯುವ ರೀತಿಯನ್ನು ಮಗ್ಗುಲಲ್ಲಿ ನಿಂತು ತೋರಿಸುವ ಗುರುವೂ ಬೇಕು. ಇವೆಲ್ಲ ಹಳ್ಳಿಯಲ್ಲಿ ದೊರೆಯುವ ವಸ್ತುಗಳಲ್ಲ. ಆದುದರಿಂದ ಹಳ್ಳಿಯ ಬಡವಿದ್ಯಾರ್ಥಿಯು ವಿಜ್ಞಾನದಲ್ಲಿ ಮುಂದುವರಿಯಬೇಕಾದರೆ ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ದಾಟುತ್ತಲೇ ಹೋಗಬೇಕು. ಈ ದಾಟುವಿಕೆಯ ಚರಿತ್ರೆಯನ್ನು ನಮ್ಮ ಸೀಮೆಯ ಮಟ್ಟಿಗೆ ಸಂಕ್ಷೇಪವಾಗಿ ನಿವೇದಿಸಬೇಕೆಂದು ಈ ಲೇಖನವನ್ನು ಕೈಕೊಂಡಿದ್ದೇನೆ. ಮಠಗಳ ದಾಸೋಹಕ್ಕೂ ಪ್ರಯೋಗಶಾಲೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಬಲವಾಗಿಯೇ ಇದೆ.

ಸನ್ ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿದ್ದುವು. ಹಾಗಿದ್ದೂ ಮುಂದಿನ ಅರವತ್ತು ವರ್ಷಗಳ ವರೆಗೆ, ಅಂದರೆ ಸನ್ ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ವರೆಗೆ, ಈ ಕನ್ನಡ ಜಿಲ್ಲೆಗಳ ಹುಡುಗನು ಪದವಿಗಾಗಿ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿದ್ದಿತು. ಅಲ್ಲಿ ಬೀದಿಯ ಮಾತು ಮರಾಠಿ, ತರಗತಿಯ ಮಾತು ಇಂಗ್ಲಿಷು. ಮನೆಯಿಂದ ತಂದ ಕನ್ನಡವು ಬುತ್ತಿಯ ರೊಟ್ಟಿಯಂತೆ ನಾಲ್ಕು ದಿನದಲ್ಲಿ ತೀರಿಹೋಗುತ್ತಿದ್ದಿತು. ಉಗಿಬಂಡಿಯು ಗೋಕಾಕ ರೋಡಿಗೆ ಬಂದಿದ್ದಿತೆಂಬುದು ನಿಜ, ಆದರೆ ಅದು ಟಿಕೀಟು ಕೊಂಡವರನ್ನು ಮಾತ್ರ ಒಯ್ಯುವ ವಾಹನವಷ್ಟೆ! ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಸನ್ ೧೮೮೭ರ ಸುಮಾರಿಗೇ ಗೋಕಾವಿಯ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯು ನಡೆಯತೊಡಗಿತ್ತು; ಅದೇ ಶತಮಾನವು ಮುಗಿಯುವುದರೊಳಗೆ ಧುಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿದ್ದು ಕಾಲುವೆಯೂ ಹರಿಯಿತು. ಹೀಗೆ ವಿಜ್ಞಾನದ ಫಲವು ನಮ್ಮ ತಾಲೂಕಿಗೆ ಬೇಗನೆ ಬಂದಿತು. ಆ ವಿಜ್ಞಾನವನ್ನು ಕಲಿತ ಒಕ್ಕಲು ಮಕ್ಕಳು ಬರುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು.

ಈ ಕೊರತೆಯನ್ನು ಮೊದಲು ಕಂಡವರು ಸರಕಾರದ ನೌಕರಿಯಲ್ಲಿದ್ದು ಆಡಳಿತವನ್ನು ಹತ್ತಿರದಿಂದ ಬಲ್ಲವರಾಗಿದ್ದ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರು. ಸನ್ ೧೮೮೩ರಲ್ಲಿ ಇವರು ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯೊಂದನ್ನು ಕೂಡಿಸಿದರು. ಶಾಲೆಯನ್ನು ಕಟ್ಟುವ ಮೊದಲು ಅವರು ನಿಧಿಯನ್ನು ಕೂಡಿಸಿದುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಶಾಲೆಗಳು ದೂರದಲ್ಲಿಯಾದರೂ ಇದ್ದುವು. ಅವುಗಳ ಬಾಗಿಲ ವರೆಗೆ ಹುಡುಗನನ್ನು ಮುಟ್ಟಿಸುವ ಉಪಾಯವೇ ಇರಲಿಲ್ಲ. ಸನ್ ೧೯೦೪ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಸೇರಿದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. ಎರಡು ವರ್ಷಗಳಲ್ಲಿ, ಸನ್ ೧೯೦೬ರಲ್ಲಿ, ಅವರು ಲಿಂಗೈಕ್ಯರಾದರು. ಅವರು ಬರೆದಿಟ್ಟ ಮೃತ್ಯುಪತ್ರದಂತೆ ಅವರ ಸಂಸ್ಥಾನದ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಾಯಿತು. ಕೋರ್ಟುಗಳ ವ್ಯಾಜ್ಯದಲ್ಲಿ ಬಹುಕಾಲ ಕಳೆದರೂ ಕಡೆಗೆ ಅದು ಟ್ರಸ್ಟಾಗಿ ನಿಂತು, ಅಸಂಖ್ಯ ವಿದ್ಯಾರ್ಥಿಗಳ ಕೈಗೆ ವೇತನವಾಗಿ ಸೇರಿತು. ತರುವಾಯ ಸನ್ ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ತನ್ನ ಹೈಸ್ಕೂಲಿಗೆ ಗಿಲಗಂಚಿ-ಅರಟಾಳರ ಹೆಸರನ್ನೂ, ಸನ್ ೧೯೩೩ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೂ ಇಟ್ಟಿತು. ಆ ಸಂಸ್ಥೆಯ ವಿಜ್ಞಾನ ಕಾಲೇಜು ಹುಕ್ಕೇರಿ ಸೀಮೆಯ ವಂಟಮುರಿ ಸರದೇಸಾಯಿ ರಾಜಾ ಲಖಮಗೌಡರ ಹೆಸರನ್ನು ಹೊತ್ತಿದೆ. ಹಿಡಕಲ್ಲಿನ ಜಲಾಶಯಕ್ಕೂ ಅವರದೇ ಹೆಸರು. ನಮ್ಮ ಹೊಲಗಳಿಗೆ ನೀರು ಬರುವಲ್ಲಿಯೂ ನಮ್ಮ ಮಕ್ಕಳು ಭೌತಶಾಸ್ತ್ರ ಕಲಿಯುವಲ್ಲಿಯೂ ಒಂದೇ ಹೆಸರಿರುವುದು ಸಂತೋಷದ ಸಂಗತಿ.

ಇನ್ನು ಅನ್ನದ ಮಾತು. ಫೀ ಮಾಫಿಯಾದರೂ ಹಸಿವು ಮಾಫಿಯಾಗುವುದಿಲ್ಲ. ಹಿಂದಿನ ಕಾಲದಲ್ಲಿ ಬಡವಿದ್ಯಾರ್ಥಿಗಳು ವಾರಾನ್ನದಿಂದ, ಎಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂಬಂತೆ ಉಂಡು ಓದುತ್ತಿದ್ದರು. ಇತಿಹಾಸವನ್ನೋ ಸಂಸ್ಕೃತವನ್ನೋ ಓದುವವನಿಗೆ ಇದು ಹೇಗೋ ಸಾಗುತ್ತಿದ್ದಿತು. ವಿಜ್ಞಾನದ ವಿದ್ಯಾರ್ಥಿಗೆ ಸಾಗುವುದು ಕಷ್ಟ. ಪ್ರಯೋಗದ ತರಗತಿಯು ಗಂಟೆಗಟ್ಟಲೆ ನಡೆಯುವುದು, ಕಾಯಲಿಟ್ಟ ದ್ರಾವಣವು ಉಣ್ಣುವ ಹೊತ್ತಾಯಿತೆಂದು ಆರಿ ಕೂಡ್ರುವುದಿಲ್ಲ. ಹೊತ್ತು ಮೀರಿ ಬಂದವನಿಗೂ ಎಲೆ ಹಾಕುವ ಸ್ಥಳವೊಂದು ಬೇಕು. ಅಂಥ ಸ್ಥಳವೇ ಮಠದ ಪ್ರಸಾದನಿಲಯ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು ನಡೆಯಿಸಿದ ಪ್ರಸಾದನಿಲಯವನ್ನೂ, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳವರು ೧೯೩೦ರ ದಶಕದಲ್ಲಿ ಬೆಳೆಯಿಸಿದ ಉಚಿತ ಪ್ರಸಾದನಿಲಯವನ್ನೂ ಈ ಜಿಲ್ಲೆಗಳಲ್ಲಿ ಅರಿಯದವರಿಲ್ಲ. ಕೊಲ್ಲಾಪುರದಲ್ಲಿ ಶಾಹು ಛತ್ರಪತಿಗಳ ಆಶ್ರಯದಲ್ಲಿ ನಮ್ಮವರಿಗೊಂದು ವಸತಿಗೃಹವಾದುದನ್ನೂ ಕೃತಜ್ಞತೆಯಿಂದ ನೆನೆಯಬೇಕು. ಸುಗ್ಗಿಯ ಕಾಲದಲ್ಲಿ ಜೋಳಿಗೆ ಹಿಡಿದು ಬಂದ ಸ್ವಾಮಿಗಳಿಗೆ ಒಕ್ಕಲಿಗನು ಸುರಿದ ಜೋಳವು ಹೀಗೆ ಯಾವನೋ ಒಬ್ಬ ಅಪರಿಚಿತ ಹುಡುಗನ ಪ್ರಯೋಗದ ಹೊತ್ತನ್ನು ಕಾಯ್ದಿತು. ತಾನು ಅಷ್ಟು ಮಾಡಿದೆನೆಂಬ ಸುದ್ದಿಯೇ ಆ ದಾನಿಗೆ ತಿಳಿಯಲಿಲ್ಲ. ದಕ್ಷಿಣದ ಸಿದ್ಧಗಂಗೆಯ ಸಂಗತಿಯು ಲೋಕವಿದಿತ. ಸನ್ ೧೯೪೧ರಿಂದ ೨೦೧೯ರ ವರೆಗೆ ಆ ಮಠವನ್ನು ನಡೆಯಿಸಿದ ಶಿವಕುಮಾರ ಸ್ವಾಮಿಗಳವರು ಪೂರ್ವಾಶ್ರಮದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಆರಿಸಿಕೊಂಡು ಓದುತ್ತಿದ್ದವರೆಂಬುದು ಬಹು ಜನರಿಗೆ ತಿಳಿದಿರಲಾರದು.

ಅಸ್ತು. ಈಗ ನಮ್ಮ ತಾಲೂಕಿನ ಒಬ್ಬ ಮಹನೀಯರ ಕಡೆಗೆ ಬರೋಣ. ದಾದಪ್ಪ ಚಿಂತಪ್ಪ ಪಾವಟೆಯವರು ಸನ್ ೧೮೯೯ನೆಯ ಆಗಸ್ಟ ೨ರಂದು ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಮುಂದೆ ಇಂಗ್ಲಂಡಿಗೆ ತೆರಳಿ, ಕೇಂಬ್ರಿಜಿನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿ, ಅಲ್ಲಿಯ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದು 'ರ್‍ಯಾಂಗ್ಲರ್' ಎನಿಸಿಕೊಂಡರು. ಈ ಬಿರುದಿನ ಬೆಲೆಯನ್ನು ಅರಿಯಬೇಕಾದರೆ ಪುಣೆಯ ರ್‍ಯಾಂಗ್ಲರ್ ಪರಾಂಜಪೆಯವರಿಗೆ ಅದರಿಂದ ದೊರೆತ ಖ್ಯಾತಿಯನ್ನು ನೆನೆದರೆ ಸಾಕು. ಪಾವಟೆಯವರು ಮರಳಿ ಬಂದು ಕೆಲಕಾಲ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ಮುಂಬಯಿ ಸರಕಾರದ ಶಿಕ್ಷಣ ಖಾತೆಯನ್ನು ಸೇರಿ ಅದರ ನಿರ್ದೇಶಕ ಪದವಿಯ ವರೆಗೆ ಏರಿದರು. ಆದರೆ ಅವರು ಏರಿದ ಎತ್ತರಕ್ಕಿಂತ, ಏರಿದ ಮೇಲೆ ಹಿಂದಿರುಗಿ ನೋಡಿದುದೇ ನಮಗೆ ಮುಖ್ಯ. ಕರ್ನಾಟಕ ವಿಶ್ವವಿದ್ಯಾಲಯವು ಸನ್ ೧೯೪೯ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ ಮರುವರ್ಷ ಧಾರವಾಡಕ್ಕೆ ಬಂದಿದ್ದಿತು. ಸನ್ ೧೯೫೪ರಲ್ಲಿ ಪಾವಟೆಯವರು ಅದರ ಕುಲಪತಿಗಳಾದರು. ೧೯೬೭ರಲ್ಲಿ ಪಂಜಾಬಿನ ರಾಜ್ಯಪಾಲರಾಗಿ ಹೋಗುವ ವರೆಗೆ ಹದಿಮೂರು ವರ್ಷ ಆ ಸ್ಥಾನದಲ್ಲಿದ್ದರು. ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ರಸಾಯನ, ಭೌತ, ಗಣಿತ, ಸಸ್ಯ, ಪ್ರಾಣಿಶಾಸ್ತ್ರಗಳ ಸ್ನಾತಕೋತ್ತರ ವಿಭಾಗಗಳು ನೆಲೆಗೊಂಡುದು ಅವರ ಕಾಲದಲ್ಲಿ. ಆ ಗುಡ್ಡಕ್ಕೆ ಪಾವಟೆನಗರವೆಂದೇ ಹೆಸರಾಗಿದೆ.

ಇದರ ಪರಿಣಾಮವನ್ನು ಕುಲಗೋಡದಲ್ಲಿ ನಿಂತು ಎಣಿಸಬೇಕು. ಪಾವಟೆಯವರ ಬಾಲ್ಯದಲ್ಲಿ ಉಚ್ಚ ಗಣಿತವೆಂದರೆ ಸಮುದ್ರದಾಚೆಯ ವಸ್ತು. ಅವರ ಅಧಿಕಾರದ ಕೊನೆಗೆ ಅದು ಒಂದು ದಿನದ ಪ್ರವಾಸದ ವಸ್ತುವಾಯಿತು. ಶಾಲೆಯ ಬಾಗಿಲ ವರೆಗೆ ಹುಡುಗನನ್ನು ಮುಟ್ಟಿಸುವುದು ೧೮೮೩ರವರ ಉಪಾಯವಾದರೆ, ಬಾಗಿಲನ್ನೇ ಹುಡುಗನ ಕಡೆಗೆ ತರುವುದು ಪಾವಟೆಯವರ ಉಪಾಯ. ಆ ಕೆಲಸವು ಮುಂದೆಯೂ ನಡೆಯಿತು. ಸನ್ ೧೯೯೪ರಲ್ಲಿ ನಮ್ಮ ನೆರೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಹೆಸರಿನ ತೋಟಗಾರಿಕೆ ಮಹಾವಿದ್ಯಾಲಯವಾಯಿತು; ೨೦೧೦ರಲ್ಲಿ ಬೆಳಗಾವಿಗೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿತು; ೨೦೧೬ರಲ್ಲಿ ಧಾರವಾಡದಲ್ಲಿ ಐ.ಐ.ಟಿ. ತೆರೆಯಿತು. ಕುಲಗೋಡವು ಇಂದು ಮೂಡಲಗಿ ತಾಲೂಕಿಗೆ ಸೇರಿದೆ, ಬಿ.ಎಸ್ಸಿ. ಕಲಿಯಲು ಪುಣೆಯ ಗಾಡಿ ಹತ್ತುವ ಕಾಲ ಹೋಯಿತು.

ಹಾಗಾದರೆ ದಾಟುವುದು ಮುಗಿಯಿತೇ? ಇಲ್ಲ, ಕಷ್ಟದ ಎಡೆಯು ಮುಂದಕ್ಕೆ ಸರಿದಿದೆ, ಅಷ್ಟೆ. ಮೊದಲು ಅದು ಹಳ್ಳಿಗೂ ಹೈಸ್ಕೂಲಿಗೂ ನಡುವೆ ಇದ್ದಿತು, ಆ ಮೇಲೆ ಹೈಸ್ಕೂಲಿಗೂ ಕಾಲೇಜಿಗೂ ನಡುವೆ. ಈಗ ಅದು ತಾಲೂಕಿನ ಬಿ.ಎಸ್ಸಿ. ಕಾಲೇಜಿಗೂ ಸಂಶೋಧನೆ ನಡೆಯುವ ಪ್ರಯೋಗಶಾಲೆಗೂ ನಡುವೆ ಇದೆ. ಈ ತೊಡಕು ನಮ್ಮದೊಂದೇ ನಾಡಿನದಲ್ಲ. ಅಮೇರಿಕದಲ್ಲಿ ಎರಡು ವರ್ಷದ ಪಾಠ ಹೇಳುವ 'ಸಮುದಾಯ ಕಾಲೇಜು'ಗಳಿವೆ. ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಹಳೆಯದೆನ್ನುವ ಜೋಲಿಯೆಟ್ ಕಾಲೇಜು ಸನ್ ೧೯೦೧ರದು. ಕಡಿಮೆ ಖರ್ಚಿನ ಈ ಕಾಲೇಜುಗಳಲ್ಲಿ ಬಡವರ ಮಕ್ಕಳೂ, ಮನೆತನದಲ್ಲಿ ಮೊದಲು ಕಾಲೇಜು ಕಂಡವರೂ, ಕರಿಯರು ಮೊದಲಾಗಿ ವಿಜ್ಞಾನದಲ್ಲಿ ಹಿಂದುಳಿದ ಸಮಾಜದವರೂ ಬಹುವಾಗಿ ಕಲಿಯುತ್ತಾರೆ. ಅವರು ವಿಶ್ವವಿದ್ಯಾಲಯಕ್ಕೆ ದಾಟುವಾಗ ಅನೇಕರು ನಡುನೀರಿನಲ್ಲಿ ಉಳಿಯುವರೆಂದು ಕಂಡು, ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 'ಸೇತುವೆ'ಯೆಂಬ ಅರ್ಥದ ಹೆಸರಿನ ಯೋಜನೆಯಿಂದ ಕಾಲೇಜು-ವಿಶ್ವವಿದ್ಯಾಲಯಗಳ ಜೋಡಿಗಳಿಗೆ ದ್ರವ್ಯಸಹಾಯ ಮಾಡುತ್ತ ಬಂದಿದ್ದುವು. ಇದರಿಂದ ವಿದ್ಯಾರ್ಥಿಯು ದಾಟುವ ಮೊದಲೇ ಬೇಸಗೆಯಲ್ಲಿ ವೇತನಸಹಿತನಾಗಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ, ಅಲ್ಲಿಯ ಗುರುಗಳ ಪರಿಚಯವನ್ನು ಪಡೆಯುತ್ತಿದ್ದನು. ನಮ್ಮ ಹಿರಿಯರ ಉಪಾಯಕ್ಕೂ ಇದಕ್ಕೂ ಹೋಲಿಕೆ ಸ್ಪಷ್ಟವಿದೆ. ಭೇದವೊಂದೇ: ನಾವು ಅನ್ನವನ್ನೂ ಹಣವನ್ನೂ ಕೊಟ್ಟೆವು, ದಾರಿ ಬಲ್ಲವನೊಬ್ಬನನ್ನು ಜೊತೆಗೆ ಕೊಡಲಿಲ್ಲ.

ನಮ್ಮ ದೇಶದಲ್ಲಿ ದಾರಿಗಳೇ ಇಲ್ಲವೆಂದಲ್ಲ. ಸನ್ ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಬಿ.ಎಸ್ಸಿ. ಮುಗಿಸಿದವರನ್ನು 'ಜ್ಯಾಮ್' ಎಂಬ ಪರೀಕ್ಷೆಯ ಮೂಲಕ ನೇರವಾಗಿ ಸಮಗ್ರ ಪಿಎಚ್.ಡಿ. ವ್ಯಾಸಂಗಕ್ಕೆ ತೆಗೆದುಕೊಳ್ಳುತ್ತದೆ. ಎಂ.ಎಸ್ಸಿ. ಮಾಡಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ಫೆಲೋಶಿಪ್ಪು ಪಡೆದವರಿಗೆ ಸನ್ ೨೦೨೩ರಿಂದ ತಿಂಗಳಿಗೆ ೩೭,೦೦೦ ರೂಪಾಯಿ. ಸರ್ ಸಿ. ವಿ. ರಾಮನ್ನರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ದಿಲ್ಲಿ, ಪ್ರಯಾಗಗಳ ಅಕಾಡೆಮಿಗಳೊಡನೆ ಕೂಡಿ, ಕಾಲೇಜು ವಿದ್ಯಾರ್ಥಿಗಳನ್ನು ಬೇಸಗೆಯ ಎರಡು ತಿಂಗಳು ದೊಡ್ಡ ವಿಜ್ಞಾನಿಗಳ ಕೈಕೆಳಗೆ ಇಡುವ ಏರ್ಪಾಡನ್ನು ನಡೆಯಿಸಿದೆ. ಜಕ್ಕೂರಿನ ಜವಾಹರಲಾಲ ನೆಹರೂ ಕೇಂದ್ರದಲ್ಲಿಯೂ ಅಂಥದೊಂದು ಉಂಟು. ಆದರೆ ಈ ಹೆಸರುಗಳನ್ನು ಹಳ್ಳಿಯ ವಿದ್ಯಾರ್ಥಿಯು ಕೇಳುವಷ್ಟರಲ್ಲಿ ಅರ್ಜಿಯ ದಿನವು ಮೀರಿರುವುದೇ ಹೆಚ್ಚು. ಪಟ್ಟಣದ ಹುಡುಗನಿಗೆ ಇವನ್ನು ಹೇಳಲು ಮನೆಯಲ್ಲಿಯೋ ನೆರೆಯಲ್ಲಿಯೋ ಒಬ್ಬರಿರುವರು. ಕನ್ನಡದಲ್ಲಿ ಹತ್ತನೆಯ ತರಗತಿಯ ವರೆಗೆ ಓದಿ, ಒಮ್ಮೆಗೇ ಇಂಗ್ಲಿಷಿಗೆ ಬಿದ್ದು, ಅಂತೂ ಪದವಿ ಪಡೆದವನಿಗೆ ಯಾರಿರುವರು?

ಇಲ್ಲಿ ಸದ್ಭಕ್ತರ ಮುಂದೆ ಎರಡು ಮಾತುಗಳನ್ನು ಸಂಕೋಚವಿಲ್ಲದೆ ಇಡಬೇಕಾಗಿದೆ. ಹಿಂದಿನ ಪ್ರಸಾದನಿಲಯಗಳು ಬಹುಮಟ್ಟಿಗೆ ಗಂಡುಮಕ್ಕಳವಾಗಿದ್ದುವು. ಇಂದು ವಿಜ್ಞಾನದ ತರಗತಿಗಳಲ್ಲಿ ಹೆಣ್ಣುಮಕ್ಕಳೂ ಕುಳಿತಿರುವರು. ಎರಡು ತಿಂಗಳು ಬೆಂಗಳೂರಿನಲ್ಲಿರಬೇಕೆಂದರೆ ತಂದೆತಾಯಿಗಳು ಮೊದಲು ಕೇಳುವುದು ಆಕೆ ಎಲ್ಲಿ ಇಳಿದುಕೊಳ್ಳುವಳೆಂಬುದನ್ನು. ಎರಡನೆಯದಾಗಿ, ಸನ್ ೧೮೮೩ರಲ್ಲಿ ಹಿಂದುಳಿದಿದ್ದವರು ನಾವು. ಇಂದು ಅದೇ ಸ್ಥಿತಿಯಲ್ಲಿರುವವರು ನಮ್ಮ ಊರುಗಳ ಇತರ ಕೇರಿಯವರು, ಹೊಲಮನೆಯಿಲ್ಲದ ಕೂಲಿಕಾರರ ಮಕ್ಕಳು. ಸಿದ್ಧಗಂಗೆಯಂಥ ಮಠಗಳು ಜಾತಿಯನ್ನು ಕೇಳದೆ ಪಂಕ್ತಿಯಲ್ಲಿ ಕೂಡ್ರಿಸಿದುವು. ಅರಟಾಳ, ಗಿಲಗಂಚಿಯವರ ನಿಧಿಯ ಹಿಂದಿನ ವಿಚಾರವು ಒಂದು ಸಮಾಜದ ಹೆಸರಿನಲ್ಲಿದ್ದರೂ ಅದರ ನ್ಯಾಯವು ಹಿಂದುಳಿದವರೆಲ್ಲರಿಗೂ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ.

ಕಾರ್ಯವು ದೊಡ್ಡ ಖರ್ಚಿನದೇನೂ ಅಲ್ಲ. ಬೇಸಗೆಯ ರಜೆ ಬಂದೊಡನೆ ಪ್ರಸಾದನಿಲಯಗಳ ವಿದ್ಯಾರ್ಥಿಗಳು ಊರಿಗೆ ತೆರಳುವರು. ಕೋಣೆಗಳು ಬರಿದಾಗುವುವು, ಅಡಿಗೆಮನೆಯ ಒಲೆಗಳು ಆರುವುವು. ಬೇಸಗೆಯ ಸಂಶೋಧನೆಗೆ ವಿದ್ಯಾರ್ಥಿಗಳನ್ನು ಕರೆಯುವುದೂ ಅದೇ ದಿನಗಳಲ್ಲಿ. ಬೆಂಗಳೂರು, ಧಾರವಾಡ, ಬೆಳಗಾವಿಗಳಲ್ಲಿ ವಸತಿಗೃಹವುಳ್ಳ ಮಠಗಳು ಒಂದೆರಡು ಕೋಣೆಗಳ ಬೀಗವನ್ನು ಆ ಎರಡು ತಿಂಗಳು ಹಾಕದೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿ, ಒಂದು ಒಲೆಯನ್ನು ಉರಿಯಗೊಡಬಹುದು. ಯಾವ ಅರ್ಜಿಗೆ ಯಾವ ತಿಂಗಳು ಕೊನೆಯೆಂಬುದನ್ನು ಕನ್ನಡದಲ್ಲಿ ಬರೆಯಿಸಿ, ಜಾತ್ರೆಯ ಕರಪತ್ರದೊಡನೆ ಮೂಡಲಗಿ, ಗೋಕಾಕ, ಹುಕ್ಕೇರಿಯ ಕಾಲೇಜುಗಳಿಗೆ ಕಳುಹಿಸಬಹುದು. ಪ್ರಸಾದನಿಲಯದಲ್ಲಿ ಉಂಡು ಓದಿ ಈಗ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುತ್ತಿರುವವರ ಹೆಸರುಗಳು ಮಠಗಳ ಹಳೆಯ ದಾಖಲೆ ಪುಸ್ತಕಗಳಲ್ಲಿಯೇ ಇರುವುವು. ಅವರಿಗೆ ಮೊದಲ ಕಾಗದ ಬರೆಯಬೇಕು.