ಎರಡು ಪುಷ್ಪಕಗಳ ಊರಿನಲ್ಲಿ

ಹೈದರಾಬಾದಿನಲ್ಲಿ ಒಂದು ಕಾಲಕ್ಕೆ ಎರಡು ಥರದ ಪುಷ್ಪಕಗಳಿದ್ದವು. ಒಂದು, ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಫ್ಲೈಯಿಂಗ್ ಕ್ಲಬ್ಬಿನ ಹುಡುಗರು ಹಾರಾಟ ಕಲಿಯುತ್ತಿದ್ದ ಎರಡು ಸೀಟಿನ ವಿಮಾನ. ಬೆಂಗಳೂರಿನ ಎಚ್‌ಎಎಲ್ ಮಾಡಿದ್ದು. ಇನ್ನೊಂದು, ಇದೇ ಊರಿನ ಆಲ್ವಿನ್ ಕಂಪನಿಯ ಸ್ಕೂಟರು, ಲ್ಯಾಂಬ್ರೆಟಾ ವಂಶದ್ದು. ಮೊದಲನೆಯದು ಹುಸೇನ್ ಸಾಗರದ ಆಚೆ ಹಾರುತ್ತಿತ್ತು. ಎರಡನೆಯದು ಸರ್ವಿಸಿಂಗಿಗೆಂದು ನಾರಾಯಣಗೂಡದ ನನ್ನ ಅಂಗಡಿಗೆ ಬರುತ್ತಿತ್ತು. ಸ್ಕೂಟರು ಬಿಟ್ಟುಹೋಗಲು ಬಂದವರಲ್ಲಿ ಯಾರಾದರೊಬ್ಬರು ತಮಾಷೆಗೆ ಕೇಳುತ್ತಿದ್ದರು: ಈ ಇಂಜಿನ್ ತೆಗೆದು ಆ ಪುಷ್ಪಕಕ್ಕೆ ಹಾಕಿದರೆ ಹಾರುತ್ತದಾ?

ತಮಾಷೆಯ ಪ್ರಶ್ನೆಯೇನೋ ಹೌದು. ಆದರೆ ಅದನ್ನು ತಮಾಷೆಯೆಂದು ತಳ್ಳಿಹಾಕದೆ, ನಿಜಕ್ಕೂ ಮೋಟರ್‌ಸೈಕಲ್ ಇಂಜಿನ್ ಕಟ್ಟಿಕೊಂಡು ಹಾರಿದವರ ಸಾಲು ದೊಡ್ಡದಿದೆ. ನಮ್ಮ ದೇಶದಲ್ಲಿ ಆ ಸಾಲು ಯಾಕೆ ಬೆಳೆಯಲಿಲ್ಲ ಎಂಬುದು ನನ್ನನ್ನು ಬಹಳ ವರ್ಷ ಕಾಡಿದೆ.

ನಮ್ಮ ತಂದೆ ರಾಯಚೂರು ಸೀಮೆಯವರು. 1956ಕ್ಕೆ ಮೊದಲು ರಾಯಚೂರು, ಕಲಬುರಗಿ, ಬೀದರಿಗೆಲ್ಲ ಹೈದರಾಬಾದೇ ರಾಜಧಾನಿ. ಓದಿದವರು ಕಚೇರಿಗೆ ಬಂದರು, ಓದದವರು ಕೆಲಸ ಕಲಿಯಲು ಬಂದರು. ತಂದೆ ಎರಡನೆಯ ಗುಂಪಿನವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಗಿರಾಕಿಗಳ ಜೊತೆ ತೆಲುಗು. ಹೊತ್ತು ಸಿಕ್ಕರೆ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿ ಯಾವುದಾದರೂ ಭಾಷಣ ಕೇಳಿ ಬರುತ್ತಿದ್ದರು. ಅಂಗಡಿ ನನಗೆ ಬಂದಾಗ ಜಾವಾ, ಯೆಜ್ದಿಗಳ ಕಾಲ. ಮೈಸೂರಿನಿಂದ ಬಂದ ಆ ಗಾಡಿಗಳು ತವರಿನ ಮಕ್ಕಳ ಹಾಗೆ ಎನ್ನುತ್ತಿದ್ದರು ತಂದೆ. ಮೈಸೂರನ್ನು ಅವರು ಕಂಡಿದ್ದೇ ಇಲ್ಲ, ಆ ಮಾತು ಬೇರೆ.

ಯೆಜ್ದಿ ಗಿರಾಕಿಗಳಲ್ಲಿ ಒಬ್ಬರು ಕ್ಲಬ್ಬಿನ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರು. ಧಾರವಾಡದ ಕಡೆಯವರು, ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ನಾನು ಅವರ ಗಾಡಿಯ ಕಾರ್ಬರೇಟರ್ ಬಿಚ್ಚುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಬೇರೆ ಗಿರಾಕಿ ಹಾಗೆ ಕೂತರೆ ಸಿಟ್ಟು ಬರುತ್ತಿತ್ತು, ಅವರು ಕೂತರೆ ಕೈ ನೆಟ್ಟಗಾಗುತ್ತಿತ್ತು. ಒಂದು ಭಾನುವಾರ ಅವರೇ ನನ್ನನ್ನು ಬೇಗಂಪೇಟೆಗೆ ಕರೆದುಕೊಂಡು ಹೋದರು.

ಪುಷ್ಪಕವನ್ನು ಹತ್ತಿರದಿಂದ ನೋಡಿದವನಿಗೆ ಮೊದಲು ಆಗುವುದು ಆಶ್ಚರ್ಯವಲ್ಲ, ಅನುಮಾನ. ಮೈಯೆಲ್ಲ ಬಟ್ಟೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ, ಡೋಪ್ ಎಂಬ ಮೆರುಗೆಣ್ಣೆ ಬಳಿದು ಬಿಗಿ ಮಾಡಿರುತ್ತಾರೆ. ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತದೆ. ಅಮೆರಿಕದ ಏರೋಂಕಾ ಚೀಫ್ ಎಂಬ ವಿಮಾನದ ಮಾದರಿಯಲ್ಲಿ ಕಟ್ಟಿದ್ದು, 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಆಮೇಲೆ ದೇಶದ ಕ್ಲಬ್ಬುಗಳಿಗೆಲ್ಲ ನೂರೈವತ್ತರಷ್ಟು ಪುಷ್ಪಕಗಳು ಹೋದವು. ಸ್ಟಾರ್ಟರ್ ಮೋಟರಿಲ್ಲ. ಒಬ್ಬ ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಬೇಕು. ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ‘ಸ್ವಿಚ್ ಆಫ್’ ಎಂದು ಕೂಗಿ, ಒಳಗಿನವನು ಅದೇ ಮಾತು ತಿರುಗಿ ಕೂಗಿದ ಮೇಲೆ ಪ್ರೊಪೆಲ್ಲರನ್ನು ನಾಲ್ಕಾರು ಸಲ ನಿಧಾನ ಎಳೆದು ಪೆಟ್ರೋಲು ಹೀರಿಸುತ್ತಾರೆ. ಆಮೇಲೆ ‘ಕಾಂಟ್ಯಾಕ್ಟ್’. ಅಂಗೈ ಚಪ್ಪಟೆ ಇಟ್ಟು ಎಳೆಯಬೇಕು, ಬೆರಳು ಮಡಚಿ ಹಿಡಿಯಬಾರದು. ಎಳೆದ ರಭಸಕ್ಕೆ ಮೈ ಹಿಂದಕ್ಕೆ ಬರುವ ಹಾಗೆ ಕಾಲು ಇಟ್ಟುಕೊಂಡಿರಬೇಕು. ಕಿಕ್ ತಿರುಗಿ ಹೊಡೆದರೆ ನಮ್ಮಲ್ಲಿ ಮೊಣಕಾಲು ಹೋಗುತ್ತದೆ. ಅಲ್ಲಿ ಏನು ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಂಜಿನ್ ಬಿಸಿಯಾದ ಮೇಲೆ ಅವರು ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಬಂದ್ ಮಾಡಿ ನೋಡಿದರು. ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡೆರಡು ಪ್ಲಗ್. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ, ಆರ್‌ಪಿಎಂ ಅಷ್ಟಿಷ್ಟು ಇಳಿಯುತ್ತದೆ, ಅಷ್ಟೇ. ಪ್ರತಿ ಸಲ ಹಾರುವ ಮೊದಲೂ ಹೀಗೆ ನೋಡುತ್ತೀರಾ ಸರ್ ಎಂದು ಕೇಳಿದೆ.

“ನೋಡ್ಲೇಬೇಕಲ್ಲ ತಮ್ಮಾ. ನಿನ್ನ ಗಾಡಿದು ಪ್ಲಗ್ ಹೋತಂದ್ರ ರಸ್ತಾದ ಬದೀಗೆ ನಿಂದರ್ತಿ. ಮ್ಯಾಲೆ ಬದಿ ಎಲ್ಲೈತಿ?”

ಆ ಇಂಜಿನ್ ಕಾಂಟಿನೆಂಟಲ್ ಕಂಪನಿಯದು, ನಾಲ್ಕು ಸಿಲಿಂಡರ್. ಅಳತೆ ಕೇಳಿ ನಾನು ನಕ್ಕುಬಿಟ್ಟೆ: ಸುಮಾರು 3,300 ಸಿಸಿ, ಶಕ್ತಿ ಮಾತ್ರ 90 ಕುದುರೆ. ಅದೂ ನಿಮಿಷಕ್ಕೆ 2,475 ಸುತ್ತಿನಲ್ಲಿ. ಮುಂದೆ 1983ರಲ್ಲಿ ಬಂದ ರಾಜದೂತ್ 350 ಬರೀ 347 ಸಿಸಿಯಲ್ಲಿ 30 ಕುದುರೆ ಕೊಡುತ್ತಿತ್ತು. ಆ ಲೆಕ್ಕದಲ್ಲಿ ಮೂರು ರಾಜದೂತ್ ಸೇರಿದರೆ ಒಂದು ಪುಷ್ಪಕ! ಅಂಗಡಿಯ ಹುಡುಗರು ಇದನ್ನು ಹೇಳಿಕೊಂಡು ಬೀಗುತ್ತಿದ್ದರು. ಆದರೆ ಗಾಡಿಯ 30 ಕುದುರೆ ಹುಟ್ಟುವುದು 6,500 ಸುತ್ತು ದಾಟಿದ ಮೇಲೆ. ಒಂದೂಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ, 1.7 ಮೀಟರ್ ಉದ್ದದ ಪ್ರೊಪೆಲ್ಲರನ್ನು ಆ ವೇಗದಲ್ಲಿ ನೇರವಾಗಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 580 ಮೀಟರ್ ಓಡುತ್ತದೆ. ಶಬ್ದದ ವೇಗವೇ 340. ಅಲ್ಲಿ ಪ್ರೊಪೆಲ್ಲರು ಗಾಳಿಯನ್ನು ಹಿಂದಕ್ಕೆ ತಳ್ಳುವುದಕ್ಕಿಂತ ಬೊಬ್ಬೆ ಹೊಡೆಯುವುದೇ ಹೆಚ್ಚು. ಹಾಗಾಗಿ ನಡುವೆ ಗೇರು, ಬೆಲ್ಟು, ಚೈನು ಏನಾದರೊಂದು ಹಾಕಿ ಸುತ್ತು ಇಳಿಸಬೇಕು. ಇಳಿಸಿದರೆ ಭಾರ ಏರುತ್ತದೆ, ನಡುಕ ಹೊಸ ದಾರಿ ಹಿಡಿಯುತ್ತದೆ.

ಇಷ್ಟೆಲ್ಲ ತಾಪತ್ರಯವಿದ್ದರೂ ಹಾರಾಟ ಹುಟ್ಟಿದ್ದೇ ಮೋಟರ್‌ಸೈಕಲ್ಲಿನವರ ಕೈಯಲ್ಲಿ ಎಂದರೆ ಹೆಚ್ಚು ತಪ್ಪಾಗದು. ಬ್ರೆಜಿಲಿನ ಸಾಂಟೋಸ್ ಡುಮಾಂಟ್ 1898ರಲ್ಲಿ ಪ್ಯಾರಿಸಿನಲ್ಲಿ ತನ್ನ ಮೊದಲ ವಾಯುನೌಕೆಗೆ ಕಟ್ಟಿದ್ದು ಡಿ ಡಿಯೋನ್ ಮೂರು ಚಕ್ರದ ಗಾಡಿಯ ಇಂಜಿನ್. ಎರಡು ಸಿಲಿಂಡರನ್ನು ಒಂದರ ಮೇಲೊಂದು ಕೂರಿಸಿ ಮಾಡಿದ್ದು. ಅಮೆರಿಕದ ಗ್ಲೆನ್ ಕರ್ಟಿಸ್ ಮೊದಲು ಸೈಕಲ್ ಅಂಗಡಿ, ಆಮೇಲೆ ಮೋಟರ್‌ಸೈಕಲ್, ಆಮೇಲೆ ವಿಮಾನ. 1909ರಲ್ಲಿ ಬ್ಲೆರಿಯೊ ಇಂಗ್ಲಿಷ್ ಕಾಲುವೆ ದಾಟಿದಾಗ ಮೂತಿಯಲ್ಲಿದ್ದದ್ದು ಮೂರು ಸಿಲಿಂಡರಿನ, 25 ಕುದುರೆಯ ಅಂಜಾನಿ ಇಂಜಿನ್. ಆ ಅಂಜಾನಿ ಇಟಲಿಯ ಮೋಟರ್‌ಸೈಕಲ್ ರೇಸಿನ ಹುರಿಯಾಳು.

ನನಗೆ ಎಲ್ಲಕ್ಕಿಂತ ಇಷ್ಟ 1923ರ ಅಕ್ಟೋಬರಿನ ಕಥೆ. ಇಂಗ್ಲೆಂಡಿನ ಲಿಂಪ್ನಿ ಎಂಬಲ್ಲಿ ಪುಟ್ಟ ವಿಮಾನಗಳ ಪಂದ್ಯ ಏರ್ಪಟ್ಟಿತು. ಮುಖ್ಯ ಶರತ್ತು: ಇಂಜಿನ್ 750 ಸಿಸಿ ಮೀರಬಾರದು. ಹೆಚ್ಚಿನವರು ಓಡಿದ್ದು ಮೋಟರ್‌ಸೈಕಲ್ ಕಂಪನಿಗಳ ಬಾಗಿಲಿಗೆ. ರೆನ್ ಎಂಬ ವಿಮಾನ 398 ಸಿಸಿಯ ಎಬಿಸಿ ಇಂಜಿನ್ ಕಟ್ಟಿಕೊಂಡು ಗ್ಯಾಲನ್ನಿಗೆ 87.5 ಮೈಲಿ ಹಾರಿ, ಉಳಿತಾಯದ ಬಹುಮಾನವನ್ನು ಇನ್ನೊಂದು ವಿಮಾನದ ಜೊತೆ ಹಂಚಿಕೊಂಡಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 31 ಕಿಲೋಮೀಟರ್. ನಾರಾಯಣಗೂಡ ಚೌರಸ್ತಾದಲ್ಲಿ ನಿಂತು ಹೇಳಿದರೆ ಕೂಡಲೇ ನಾಲ್ಕು ಜನ ಬುಕ್ ಮಾಡಿಯಾರು.

ಅದೇ ಪಂದ್ಯಕ್ಕೆ ಡಿ ಹ್ಯಾವಿಲೆಂಡ್ ಕಂಪನಿ ಹಮ್ಮಿಂಗ್ ಬರ್ಡ್ ಎಂಬ ಪುಟ್ಟ ವಿಮಾನ ತಂದಿತ್ತು. ಡಗ್ಲಾಸ್ ಮೋಟರ್‌ಸೈಕಲ್ಲಿನ 750 ಸಿಸಿ ಇಂಜಿನ್. ಹೆಸರಾಂತ ಪೈಲಟ್ ಅಲನ್ ಕಾಬಮ್ ಅದನ್ನು ಬ್ರಸೆಲ್ಸ್‌ವರೆಗೆ ಹಾರಿಸಿದ. ಹಿಂದಿರುಗುವಾಗ ಎದುರುಗಾಳಿ, ಕೆಳಗಿನ ಗೂಡ್ಸ್ ರೈಲು ತನ್ನನ್ನು ಹಿಂದೆ ಹಾಕಿದ್ದು ಕಂಡು ಪ್ರಯಾಣ ಕೈಬಿಟ್ಟ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುವು ಅಲ್ಲಿದೆ. ಮೋಟರ್‌ಸೈಕಲ್ ಇಂಜಿನ್ನಿನಿಂದ ನೆಲ ಬಿಡಬಹುದು, ಆದರೆ ಕೈಯಲ್ಲಿ ಮಿಗುವ ಶಕ್ತಿ ಇರುವುದಿಲ್ಲ ಎಂಬುದು ಡಿ ಹ್ಯಾವಿಲೆಂಡಿಗೆ ಅರ್ಥವಾಯಿತು. 1925ರಲ್ಲಿ 60 ಕುದುರೆಯ ಸಿರಸ್ ಇಂಜಿನ್ ಹಾಕಿ ಆ ಕಂಪನಿ ಮಾಡಿದ ಮಾಥ್ ವಿಮಾನವೇ ಲೋಕದ ಕ್ಲಬ್ಬುಗಳನ್ನೆಲ್ಲ ಆಳಿತು.

ನಮ್ಮಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಶುರುವಾದದ್ದು 1928ರಲ್ಲಿ, ಆ ಮಾಥ್‌ಗಳ ಜೊತೆ. ಜೆ.ಆರ್.ಡಿ. ಟಾಟಾ ಈ ದೇಶದ ಮೊದಲ ನಂಬರಿನ ಲೈಸೆನ್ಸ್ ಪಡೆದದ್ದು 1929ರ ಫೆಬ್ರವರಿ 10ರಂದು. 1932ರ ಅಕ್ಟೋಬರ್ 15ರಂದು ಟಾಟಾ ಟಪಾಲು ವಿಮಾನ ಹೊರಟಾಗ ಕರಾಚಿಯಿಂದ ಮುಂಬಯಿಗೆ ಅವರು, ಮುಂಬಯಿಯಿಂದ ಮದರಾಸಿಗೆ ನೆವಿಲ್ ವಿನ್ಸೆಂಟ್. ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಹೈದರಾಬಾದಿನಲ್ಲೂ ಆ ದಶಕದಲ್ಲೇ ನಿಜಾಮರ ಆಶ್ರಯದಲ್ಲಿ ಏರೋ ಕ್ಲಬ್ ಬಂತು, ಬೇಗಂಪೇಟೆಯಲ್ಲಿ ನಿಲ್ದಾಣ ಎದ್ದಿತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಜಕ್ಕೂರು ಹಾರಾಟ ಶಾಲೆ ಸ್ವಾತಂತ್ರ್ಯ ಬಂದ ಮೇಲಿನದು; ಪೈಲಟ್ ಉಷಾ ಸುಂದರಂ ಅಲ್ಲಿ ಕಲಿತು 1949ರಲ್ಲಿ ಹೊರಬಂದರು.

ಗಮನಿಸಿ: ನಮ್ಮ ಕಡೆ ಹಾರಾಟ ಅರಮನೆ ಮತ್ತು ಸರ್ಕಾರದ ಬಾಗಿಲಿಂದ ಬಂತು, ಗ್ಯಾರೇಜಿನ ಬಾಗಿಲಿಂದ ಬರಲಿಲ್ಲ. ಇದರಲ್ಲಿ ಹವೆಯ ಪಾಲೂ ಇದೆ. ಬೇಗಂಪೇಟೆ ಸಮುದ್ರಮಟ್ಟದಿಂದ 530 ಮೀಟರ್ ಎತ್ತರ, ಜಕ್ಕೂರು ಇನ್ನೂ ಎತ್ತರ. ಮೇ ತಿಂಗಳ ಬಿಸಿಲಲ್ಲಿ ಗಾಳಿ ತೆಳುವಾದಾಗ ಇಂಜಿನ್ನಿಗೂ ಉಸಿರು ಸಾಲದು, ರೆಕ್ಕೆಗೂ ಆಸರೆ ಸಾಲದು. ಲಿಂಪ್ನಿಯ ತಂಪಿನಲ್ಲಿ ಹಾರಿದ ಇಪ್ಪತ್ತು ಕುದುರೆ ಇಲ್ಲಿ ಬೇಲಿ ದಾಟುವುದೂ ಅನುಮಾನ.

ಯುರೋಪಿನಲ್ಲಿ ಗ್ಯಾರೇಜಿನವರು ಸುಲಭಕ್ಕೆ ಬಿಡಲಿಲ್ಲ. 1933ರಲ್ಲಿ ಹೆನ್ರಿ ಮಿನ್ಯೇ ಎಂಬ ಫ್ರೆಂಚ್ ಮನುಷ್ಯ ಮನೆಯಲ್ಲೇ ಕಟ್ಟಬಹುದಾದ, ಪುಟ್ಟ ಟೂ-ಸ್ಟ್ರೋಕ್ ಇಂಜಿನ್ನಿನ ‘ಹಾರುವ ಚಿಗಟ’ ಮಾಡಿದ. ಬಡಗಿಗಳು, ಅಂಗಡಿಯವರು ಸಾಲುಗಟ್ಟಿ ಕಟ್ಟಿಕೊಂಡರು, ಸಾಲುಗಟ್ಟಿ ಬಿದ್ದರು ಕೂಡ. ಹಿಂದೊಂದು ಮುಂದೊಂದು ಇದ್ದ ಅದರ ರೆಕ್ಕೆಗಳು ಒಂದರ ಗಾಳಿಯನ್ನೊಂದು ಕೆಡಿಸಿ, ಮೂತಿ ಕೆಳಗಾದರೆ ಮತ್ತೆ ಏಳುತ್ತಿರಲಿಲ್ಲ ಎಂದು 1936ರಲ್ಲಿ ಗಾಳಿ ಸುರಂಗದ ಪರೀಕ್ಷೆ ತೋರಿಸಿತು. ನಿಷೇಧ ಬಂತು. ಪಾಪ, ತಪ್ಪು ಇಂಜಿನ್ನಿನದಲ್ಲ.

ಎರಡನೇ ಸುತ್ತು ಬಂದದ್ದು ನನ್ನ ಕಾಲದಲ್ಲಿ. ಆಸ್ಟ್ರಿಯಾದ ರೋಟಾಕ್ಸ್ ಕಂಪನಿ ಹಿಮದ ಮೇಲೆ ಓಡುವ ಗಾಡಿಗಳಿಗೆ ಟೂ-ಸ್ಟ್ರೋಕ್ ಇಂಜಿನ್ ಮಾಡುತ್ತಿತ್ತು, ಮೋಟರ್‌ಸೈಕಲ್ಲಿಗೂ ಮಾಡುತ್ತಿತ್ತು. ಹ್ಯಾಂಗ್ ಗ್ಲೈಡರಿಗೆ ಇಂಜಿನ್ ಕಟ್ಟುವ ಹುಚ್ಚು ಹತ್ತಿದವರು ಅದನ್ನೇ ಹಿಡಿದರು. ಬೆಂಗಳೂರಿನಲ್ಲಿ ಫ್ರಾನ್ಸಿನಿಂದ ಬಂದ ಜೋಯೆಲ್ ಕೋಕ್ಲಿನ್ ಕಟ್ಟಿದ ರಾಜ್‌ಹಂಸ ಅಲ್ಟ್ರಾಲೈಟ್ಸ್ ಕಂಪನಿ ಎಕ್ಸ್-ಏರ್ ಎಂಬ ಪುಟ್ಟ ವಿಮಾನ ಮಾಡಿ ಫ್ರಾನ್ಸ್, ಇಂಗ್ಲೆಂಡುಗಳಿಗೇ ಕಳಿಸಿತು. ಜಕ್ಕೂರಿಗೆ ಹೋದಾಗ ಒಂದು ರೋಟಾಕ್ಸ್ 503 ಬಿಚ್ಚಿಟ್ಟಿದ್ದನ್ನು ನೋಡಿದೆ. ಎರಡು ಸಿಲಿಂಡರ್, ಟೂ-ಸ್ಟ್ರೋಕ್, 50 ಕುದುರೆ. ಕ್ರ್ಯಾಂಕು, ಪಿಸ್ಟನ್ನು, ರಿಂಗು ಎಲ್ಲ ರಾಜದೂತ್ 350ರ ದಾಯಾದಿಗಳೇ. ಕಣ್ಣು ಮುಚ್ಚಿ ಜೋಡಿಸಬಲ್ಲೆ ಅನ್ನಿಸಿತು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಸಿಲಿಂಡರಿಗೆ ಎರಡೆರಡು ಪ್ಲಗ್. ತಣ್ಣಗಿಡಲು ತನ್ನದೇ ಫ್ಯಾನು. ಮುಂದೆ 2.58ಕ್ಕೆ ಒಂದರಂತೆ ಸುತ್ತು ಇಳಿಸುವ ಗೇರು ಪೆಟ್ಟಿಗೆ. ಪ್ರೊಪೆಲ್ಲರ್ ತುದಿ 580ರಿಂದ 225 ಮೀಟರಿಗೆ ಇಳಿಯುವುದು ಅದರಿಂದ. ಮುನ್ನೂರು ಗಂಟೆಗೆ ಪೂರ್ತಿ ಬಿಚ್ಚಿ ನೋಡಬೇಕೆಂಬ ನಿಯಮ. ಇಷ್ಟಾದರೂ ಈ ಇಂಜಿನ್ ಯಾವಾಗ ಬೇಕಾದರೂ ನಿಂತೀತು, ಇಳಿಯಲು ಜಾಗ ಇರುವ ಕಡೆಯೇ ಹಾರಿ ಎಂದು ಮಾಡಿದವರೇ ಎಚ್ಚರಿಸುತ್ತಾರೆ. ಇಂಥ ಪ್ರಾಮಾಣಿಕತೆಯನ್ನು ನಾನು ಯಾವ ಗಾಡಿಯ ಪುಸ್ತಕದಲ್ಲೂ ಓದಿಲ್ಲ.

ಬೇಗಂಪೇಟೆಯಿಂದ 2008ರ ಮಾರ್ಚಿನಲ್ಲಿ ದೊಡ್ಡ ವಿಮಾನಗಳೆಲ್ಲ ಶಂಷಾಬಾದಿಗೆ ಹೋದವು. ಪುಷ್ಪಕಗಳು ಅದಕ್ಕೂ ಮೊದಲೇ ಮೂಲೆ ಸೇರಿದ್ದವು. ಎರಡೂ ಪುಷ್ಪಕಗಳು ಹೋದರೂ, ಗಾಡಿಯ ಇಂಜಿನ್ ಹಾಕಿದರೆ ಹಾರುತ್ತದಾ ಎಂಬ ಆ ಪ್ರಶ್ನೆ ಮಾತ್ರ ಹೋಗಿಲ್ಲ. ಈಚೆಗೆ ಒಬ್ಬ ಇಂಜಿನಿಯರಿಂಗ್ ಹುಡುಗ ಹಳೆಯ ರಾಜದೂತ್ 350ರ ಇಂಜಿನ್ ಹೊತ್ತು ತಂದ. ಕಾಲೇಜಿನ ಪ್ರಾಜೆಕ್ಟಿಗೆ ಇದಕ್ಕೆ ಪ್ರೊಪೆಲ್ಲರ್ ಕಟ್ಟಬೇಕಂತೆ. ಹಾರಿಸಲು ದೆಹಲಿಯ ವಿಮಾನಯಾನ ಇಲಾಖೆಯ ಅಪ್ಪಣೆ ಬೇಕು ಎಂದರೆ, ಹಾರಿಸುವುದಿಲ್ಲ ಅಂಕಲ್, ನೆಲದ ಮೇಲೆ ಓಡಿಸಿ ತೋರಿಸಿದರೆ ಸಾಕು ಅಂದ. ಸರಿ, ಮೊದಲು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಒಂದು ಗಂಟೆ ಫುಲ್ ಥ್ರಾಟಲಿನಲ್ಲಿ ಓಡಿಸು, ರಸ್ತೆಯ ಮೇಲೆ ಯಾವ ಗಾಡಿಗೂ ಆ ಶಿಕ್ಷೆ ಇರುವುದಿಲ್ಲ, ಆಮೇಲೆ ಬಾ ಎಂದೆ.

ನಾಲ್ಕೇ ದಿನಕ್ಕೆ ಬಂದ. ಇಂಜಿನ್ ಹಿಡಿದುಬಿಟ್ಟಿತ್ತು. ಹೆಡ್ ಬಿಚ್ಚಿ ಸಿಲಿಂಡರ್ ಎತ್ತಿದರೆ, ಎಡಗಡೆಯ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದಕ್ಕೆ ಗೀರುಗಳು, ರಿಂಗು ಅಲ್ಲೇ ಅಂಟಿಕೊಂಡಿತ್ತು. ಹುಡುಗನ ಮುಖ ಸಪ್ಪಗಾಗಲಿಲ್ಲ, ಅದು ನನಗೆ ಹಿಡಿಸಿತು. ಮೊದಲ ಓವರ್‌ಸೈಜಿಗೆ ಬೋರ್ ಮಾಡಿಸಲು ಕಳಿಸಿದ್ದೇನೆ. ಪಿಸ್ಟನ್ ರಾಣಿಗಂಜಿನಲ್ಲಿ ಹುಡುಕಿಸುತ್ತಿದ್ದೇನೆ. ಈ ಸಲ ಗಾಳಿ ಎರಡೂ ಸಿಲಿಂಡರಿನ ಫಿನ್ನುಗಳಿಗೆ ತಾಗುವ ಹಾಗೆ ತಗಡಿನ ಮರೆ ಬಡಿದುಕೊಂಡು ಬಾ, ಜೊತೆಗೆ ಎಣ್ಣೆ ಸ್ವಲ್ಪ ಹೆಚ್ಚು ಹಾಕು ಎಂದು ಹೇಳಿದ್ದೇನೆ.