ವ್ಯಾನು ಓಡಿದ್ದು ಯಾವತ್ತು?

ಕ್ಯಾಲಿಫೋರ್ನಿಯಾದ ಪೋರ್ಟೋಲಾ ವ್ಯಾಲಿಯಲ್ಲಿ ಆಲ್ಪೈನ್ ಇನ್ ಎಂಬ ಹಳೆಯ ಬಿಯರ್ ಹೋಟೆಲಿದೆ. ಹಿಂದೆ ಜನ ಅದನ್ನು ರೊಸ್ಸೊಟ್ಟೀಸ್ ಎನ್ನುತ್ತಿದ್ದರು. ಇಂಟರ್‌ನೆಟ್ ಯುಗ ಅದರ ಹಿತ್ತಲಲ್ಲಿ 1976ರ ಆಗಸ್ಟ್ 27ರಂದು ಶುರುವಾಯಿತೆಂದು ಅಲ್ಲಿನ ಫಲಕವೊಂದು ಸಾರುತ್ತದೆ. ಇದನ್ನು ಆಧಾರ ಮಾಡಿಕೊಂಡು, ಓಡುವ ವಾಹನದಿಂದ ರೇಡಿಯೋ ಮೂಲಕ ಡೇಟಾ ಹೋಗಿದ್ದೂ ಅಂದೇ ಎಂದು ಬರೆಯುವ ರೂಢಿ ಬೆಳೆದಿದೆ. ಈ ಓದು ತಪ್ಪು. ತಪ್ಪೆನ್ನುವುದಕ್ಕೆ ಪುರಾವೆ ಫಲಕದಲ್ಲೇ ಇದೆ.

ಫಲಕ ಹೇಳುವುದೇನು? ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮ ಪರೀಕ್ಷೆಗಳು ಯಶಸ್ವಿಯಾಗಿ ಮುಗಿದ ಸಂತೋಷಕ್ಕೆ ಹಿತ್ತಲಿನ ಮೇಜಿನಿಂದ ಸಂದೇಶ ಕಳಿಸಿದರು. ಅದು ರೇಡಿಯೋ ಜಾಲದಲ್ಲಿ ಎಸ್‌ಆರ್‌ಐಗೆ, ಅಲ್ಲಿಂದ ಆರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ ಹಿಡಿದು ಬಾಸ್ಟನ್‌ಗೆ ಹೋಯಿತು. ಅಂದರೆ ಅಲ್ಲಿ ನಡೆದದ್ದು ಪರೀಕ್ಷೆಯಲ್ಲ, ಪರೀಕ್ಷೆ ಮುಗಿದ ಮೇಲಿನ ಸಂಭ್ರಮ. ಇನ್ನು ಮೇಜು. ಮೇಜಿನ ಮೇಲಿದ್ದದ್ದು ಟರ್ಮಿನಲ್ ಮಾತ್ರ. ರೇಡಿಯೋ ಇದ್ದದ್ದು ಹೊರಗೆ ನಿಲ್ಲಿಸಿದ್ದ ವ್ಯಾನಿನಲ್ಲಿ. ಎರಡಕ್ಕೂ ನಡುವೆ ಕೇಬಲ್ ಎಳೆದಿದ್ದರು. ಮೇಜಿಗೆ ಕೇಬಲ್ ಕಟ್ಟಿಕೊಂಡ ವ್ಯಾನು ಓಡುವುದು ಹೇಗೆ? ಅಂದು ಎರಡು ಬೇರೆ ಬೇರೆ ಜಾಲಗಳು ಕೂಡಿದವು. ಅದು ದೊಡ್ಡ ಸಾಧನೆಯೇ. ಆದರೆ ಸಂಚಾರಿ ರೇಡಿಯೋದ ಚರಿತ್ರೆಗೆ ಆ ದಿನಾಂಕ ಸಲ್ಲುವುದಿಲ್ಲ.

ಸಲ್ಲುವುದು 1977ರ ನವೆಂಬರ್ 22. ಅಂದು ಅದೇ ಸಂಸ್ಥೆಯ ವ್ಯಾನು ಸ್ಯಾನ್ ಫ್ರಾನ್ಸಿಸ್ಕೋದ ಬೇಶೋರ್ ಹೆದ್ದಾರಿಯಲ್ಲಿ ಓಡುತ್ತಲೇ ಡೇಟಾದ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಕಳಿಸಿತು. ಅವು ಆರ್ಪಾನೆಟ್ ಸೇರಿ, ಉಪಗ್ರಹದಿಂದ ಅಟ್ಲಾಂಟಿಕ್ ದಾಟಿ, ನಾರ್ವೆ ಮತ್ತು ಲಂಡನ್ ಮುಟ್ಟಿ, ಮತ್ತೆ ಉಪಗ್ರಹದ ದಾರಿಯಲ್ಲೇ ಮರಳಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಂಪ್ಯೂಟರೊಂದನ್ನು ಸೇರಿದವು. ಒಟ್ಟು 94,000 ಮೈಲಿ ಎಂದು ಇಂಟರ್‌ನೆಟ್ ರೂಪಿಸಿದವರಲ್ಲೊಬ್ಬರಾದ ವಿಂಟ್ ಸರ್ಫ್ ನೆನೆದಿದ್ದಾರೆ. ಈ ದಿನಾಂಕವನ್ನು ಸರಿಯಾಗಿ ಹಿಡಿದವರೂ ಈ ಸಂಖ್ಯೆಗೆ ಮರುಳಾಗಿ ಅಲ್ಲೇ ನಿಂತುಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಸಾಕಿತ್ತು. ಭೂಸ್ಥಿರ ಉಪಗ್ರಹದ ಎತ್ತರ 35,786 ಕಿ.ಮೀ. ಎರಡು ಸಲ ಹತ್ತಿ ಎರಡು ಸಲ ಇಳಿದರೆ, ನೇರ ಎತ್ತರವನ್ನೇ ಹಿಡಿದರೂ (ಓರೆ ದಾರಿ ಇನ್ನೂ ಉದ್ದ), 1,43,000 ಕಿ.ಮೀ. ಮೀರುತ್ತದೆ, 94,000 ಮೈಲಿ ಎಂದರೆ ಸುಮಾರು 1,51,000 ಕಿ.ಮೀ. ಸಂಖ್ಯೆಯ ಬಹುಪಾಲು ಆಕಾಶದ್ದೇ. ಕಷ್ಟವಿದ್ದದ್ದು ವ್ಯಾನಿನಿಂದ ಬೆಟ್ಟದ ಮೇಲಿನ ಮರುಪ್ರಸಾರ ಕೇಂದ್ರದವರೆಗಿನ ಕೆಲವೇ ಮೈಲಿಗಳಲ್ಲಿ.

ಆ ಕಷ್ಟ ಎಂಥದೆಂದು ತಿಳಿಯಲು ಈ ರೇಡಿಯೋ ಯೋಜನೆಯ ಬಾಬ್ ಕಾನ್ ಮತ್ತು ಮೂವರು ಸಂಗಡಿಗರು 1978ರ ನವೆಂಬರ್‌ನಲ್ಲಿ ‘ಪ್ರೊಸೀಡಿಂಗ್ಸ್ ಆಫ್ ದಿ ಐಇಇಇ’ಯಲ್ಲಿ ಬರೆದ ಪ್ಯಾಕೆಟ್ ರೇಡಿಯೋ ಲೇಖನವನ್ನು ಓದಬೇಕು. ಫಲಕವನ್ನು ಉಲ್ಲೇಖಿಸುವವರು ಈ ಲೇಖನವನ್ನು ತೆರೆದಂತೆ ಕಾಣುವುದಿಲ್ಲ. ಇವರ ರೇಡಿಯೋ ಕೆಲಸ ಮಾಡಿದ್ದು 1,710ರಿಂದ 1,850 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಅಲ್ಲಿ ಅಲೆಯ ಉದ್ದ ಸುಮಾರು 17 ಸೆಂ.ಮೀ. ಕಟ್ಟಡಗಳಿಗೆ ಬಡಿದು ಬಂದ ಅಲೆಗಳು ಒಂದರ ಮೇಲೊಂದು ಬಿದ್ದಾಗ, ಒಂದು ಕಡೆ ಜೋರಾಗಿ ಸಿಕ್ಕ ಸಿಗ್ನಲ್ ಗೇಣಿಗಿಂತ ಕಡಿಮೆ ದೂರದಲ್ಲೇ ಸತ್ತುಹೋಗಬಹುದು. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಇಂಥ 260 ಏರಿಳಿತಗಳನ್ನು ದಾಟುತ್ತದೆ. ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವ ಪೊಲೀಸಿನವನಿಗೆ ಅದೊಂದು ಗರಗರ ಶಬ್ದ. ಅರ್ಧ ಮಾತು ತಪ್ಪಿದರೂ ಕಿವಿ ತುಂಬಿಕೊಳ್ಳುತ್ತದೆ, ತಿಳಿಯದಿದ್ದರೆ ‘ಇನ್ನೊಮ್ಮೆ ಹೇಳಿ, ಓವರ್’ ಎಂದರಾಯಿತು. ಡೇಟಾದಲ್ಲಿ ಒಂದು ಬಿಟ್ ತಪ್ಪಿದರೂ ಇಡೀ ಪ್ಯಾಕೆಟ್ ಕೆಟ್ಟಿತು. ಅದಕ್ಕೇ ಇವರು ಸಿಗ್ನಲನ್ನು ಅಗಲ ಪಟ್ಟಿಯ ಮೇಲೆ ಹರಡಿದರು, ಸೆಕೆಂಡಿಗೆ 4,00,000 ಮತ್ತು 1,00,000 ಬಿಟ್‌ಗಳ ಎರಡು ವೇಗ ಇಟ್ಟುಕೊಂಡರು, ಒಂದು ರೇಡಿಯೋದಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ‘ತಲುಪಿತು’ ಎಂಬ ಮರುಸಂದೇಶ ಬೇಕೆಂದರು.

ನಾರ್ಮನ್ ಅಬ್ರಾಮ್ಸನ್ ಹವಾಯಿಯಲ್ಲಿ 1971ರಲ್ಲೇ ಅಲೋಹಾ ಜಾಲದಿಂದ ಸೆಕೆಂಡಿಗೆ 9,600 ಬಿಟ್ ಕಳಿಸಿರಲಿಲ್ಲವೇ ಎಂಬ ಆಕ್ಷೇಪ ಬರಬಹುದು. ಕಳಿಸಿದ್ದರು, ಪ್ಯಾಕೆಟ್‌ಗಳು ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಕಳಿಸುವ ಉಪಾಯವೂ ಅವರದೇ, ಕಾನ್ ಅವರಿಗೆ ಸ್ಫೂರ್ತಿಯೂ ಅಲ್ಲಿಯದೇ. ಆದರೆ ಆ ಟರ್ಮಿನಲ್‌ಗಳು ಕೂತಲ್ಲೇ ಕೂತಿದ್ದವು.

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ದಾರಿ ಬೇರೆ. ಮಾಂಟ್ರಿಯಲ್‌ನ ಹವ್ಯಾಸಿಗಳು 1978ರಲ್ಲಿ ಪ್ಯಾಕೆಟ್ ಪ್ರಯೋಗಕ್ಕಿಳಿದರು. ಮುಂದೆ ಅವರಲ್ಲಿ ಬಳಕೆಗೆ ಬಂದ ಬೆಲ್ 202 ಪದ್ಧತಿಯಲ್ಲಿ ಇರುವುದು 1,200 ಮತ್ತು 2,200 ಹರ್ಟ್ಸ್‌ನ ಎರಡು ಸ್ವರ, ಅಷ್ಟೇ. ವೇಗ ಸೆಕೆಂಡಿಗೆ 1,200 ಬಿಟ್. ವ್ಯಾನಿನ ನಿಧಾನ ವೇಗದ ಎಂಬತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ಅದಕ್ಕೆ ಹೊಸ ರೇಡಿಯೋ ಬೇಕಿರಲಿಲ್ಲ. ಮಾತಿಗೆಂದು ಮಾಡಿದ ಸೆಟ್ಟಿನ ಮೈಕ್ ಸಾಕೆಟ್ಟಿಗೆ ಒಂದು ಮೋಡೆಮ್ ಸಿಕ್ಕಿಸಿದರೆ ಕೆಲಸ ನಡೆಯುತ್ತಿತ್ತು.