ಉಬ್ಬಸದ ಮದ್ದು ಮತ್ತು ಇಲಿಯ ಕೊಬ್ಬು
ಉಬ್ಬಸಕ್ಕೆ, ಅಂದರೆ ಶ್ವಾಸನಾಳಗಳು ಬಿಗಿದು ಉಸಿರಾಟವೇ ಕಷ್ಟವಾಗುವ ಕಾಯಿಲೆಗೆ, ಗಟ್ಟಿ ಕಾಫಿ ಒಳ್ಳೆಯ ಮದ್ದೆಂದು ಇಂಗ್ಲೆಂಡಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ 1860ರ ಸುಮಾರಿಗೆ ಬರೆದಿದ್ದರು. ಕೆಫೀನಿನ ಹತ್ತಿರದ ಬಂಧುವಾದ ಥಿಯೋಫಿಲಿನನ್ನು ಜರ್ಮನಿಯ ಆಲ್ಬ್ರೆಕ್ಟ್ ಕಾಸೆಲ್ 1888ರಲ್ಲಿ ಚಹಾ ಎಲೆಯಿಂದ ಬೇರ್ಪಡಿಸಿದರು, ಮುಂದಿನ ಶತಮಾನದಲ್ಲಿ ಅದು ಉಬ್ಬಸದ ಪ್ರಮುಖ ಔಷಧಗಳಲ್ಲಿ ಒಂದಾಯಿತು.

ಈ ಮದ್ದಿನ ಪ್ರಭಾವ ಶ್ವಾಸನಾಳಕ್ಕಷ್ಟೇ ಸೀಮಿತವಲ್ಲವೆಂಬುದನ್ನು ಪ್ರಯೋಗಾಲಯದ ಇಲಿಗಳು ಸ್ಪಷ್ಟಪಡಿಸಿದವು. ಹಾರ್ಮೋನಿನ ಸಂದೇಶವನ್ನು ಜೀವಕೋಶದೊಳಗೆ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಕಂಡುಹಿಡಿದಿದ್ದರು; ಅದನ್ನು ಒಡೆಯುವ ಕಿಣ್ವವನ್ನು ಥಿಯೋಫಿಲಿನ್ ತಡೆಯುತ್ತದೆಂದು ಅವರೂ ಅವರ ಸಹೋದ್ಯೋಗಿ ಬುಚರ್ ಅವರೂ 1962ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಬಳಿಕ ವಿಜ್ಞಾನಿ ಮಾರ್ಟಿನ್ ರಾಡ್‌ಬೆಲ್ ಇಲಿಯ ವೃಷಣದ ಬಳಿಯ ಕೊಬ್ಬಿನಿಂದ ಜೀವಂತ ಕೋಶಗಳನ್ನು ಬಿಡಿಬಿಡಿಯಾಗಿ ಪಡೆಯುವ ವಿಧಾನವನ್ನು ರೂಪಿಸಿದರು. ಅಂಥ ಕೋಶಗಳಿಗೆ ಥಿಯೋಫಿಲಿನ್ ಸೇರಿಸಿದಾಗ ಸೈಕ್ಲಿಕ್ ಎಎಂಪಿ ಶೇಖರವಾಗಿ, ಕೂಡಿಟ್ಟ ಕೊಬ್ಬಾದ ಟ್ರೈಗ್ಲಿಸರೈಡ್ ಒಡೆದು, ಮೇದಾಮ್ಲಗಳು ಹೊರಬರುತ್ತವೆ. 1903ರಿಂದಲೇ ಉಬ್ಬಸಕ್ಕೆ ಚುಚ್ಚುಮದ್ದಾಗಿದ್ದ ಅಡ್ರಿನಲಿನ್ ಜೊತೆಗೂಡಿದರೆ ಈ ಕ್ರಿಯೆ ಇನ್ನಷ್ಟು ತೀವ್ರವಾಗುತ್ತದೆ. ಪ್ರಾಣಿದೇಹದಲ್ಲಿ ಈ ಮೇದಾಮ್ಲಗಳು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಮತ್ತೆ ಟ್ರೈಗ್ಲಿಸರೈಡ್ ಆಗಬಲ್ಲವು. ಆದ್ದರಿಂದ ರಕ್ತದ ಕೊಬ್ಬನ್ನು ಅಳೆಯುವ ಪ್ರಯೋಗಗಳಲ್ಲಿ ಮದ್ದು ಕೊಟ್ಟ ಹೊತ್ತು, ಪ್ರಮಾಣ, ಪ್ರಾಣಿಯ ಉಪವಾಸ ಇವೆಲ್ಲವನ್ನೂ ದಾಖಲಿಸುವುದು ಅತ್ಯಗತ್ಯ.